ಬಾಣಂತಿಗೆ ಕಾಸಿದ ಕಲ್ಲು

ಮಾದನಹಿಪ್ಪರಗಾ
೧೪ ಡಿಸೆಂಬರ್ ೧೯೩೮

ನಮ್ಮ ಯಜಮಾನರಿಗೆ ಗುರುಬಾಯಿಯ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಹೈದರಾಬಾದಿನ ಚಳಿಗೆ ಉಣ್ಣೆಯ ಅಂಗಿ ಹಾಕಿಕೊಳ್ಳುತ್ತೀರೋ ಇಲ್ಲವೋ. ಅದನ್ನೂ ಕಲ್ಲುಗಳಿಗೇ ಸುತ್ತಿಟ್ಟಿರುತ್ತೀರಿ, ನನಗೆ ಗೊತ್ತು. ಇಲ್ಲಿ ತವರಿನಲ್ಲಿ ಎಲ್ಲರೂ ಕ್ಷೇಮ. ಕೂಸು ಕುಡಿಯುತ್ತದೆ, ಮಲಗುತ್ತದೆ, ಎದ್ದರೆ ಓಣಿಗೆಲ್ಲ ಕೇಳುವಂತೆ ಅಳುತ್ತದೆ. ಮೂಗು ನಿಮ್ಮದೇ. ನಾನೂ ಆರಾಮಾಗಿದ್ದೇನೆ.

ನಿನ್ನೆ ನಿಮ್ಮ ಕಾಗದ ಓದಿದಾಗಿನಿಂದ ಮಾತ್ರ ಅದನ್ನೇ ಮತ್ತೆ ಮತ್ತೆ ಬಿಚ್ಚಿ ಓದುತ್ತಿದ್ದೇನೆ. ಜೇವರ್ಗಿಯ ಆಚೆ ಅಲೆದು ನೀವು ಒಡೆದು ತಂದು ಇಲ್ಲಿ ಇಟ್ಟುಹೋಗಿದ್ದ ಕರಿಕಲ್ಲಿನ ಚೀಲವನ್ನು ನಮ್ಮ ಗಾಡಿಯ ಖಂಡಪ್ಪಣ್ಣ ಹೋದ ವಾರವೇ ಕಲಬುರ್ಗಿ ಸ್ಟೇಶನ್ನಿಗೆ ಒಯ್ದು ನಿಮ್ಮ ಹೆಸರಿಗೆ ಕಳಿಸಿದ. ಈಗ ನೀವು ಬರೆದಿದ್ದೀರಿ: ನೆಲದೊಳಗಿನ ಬೆಂಕಿಯಲ್ಲಿ ಕರಗಿ ಬಂದ ಕಲ್ಲು ಆರಿದ ದಿನದಿಂದ ತನ್ನೊಳಗೆ ಹೀಲಿಯಂ ಎಂಬ ಗಾಳಿಯನ್ನು ಕೂಡಿಸಿಕೊಳ್ಳುತ್ತದೆ, ಅದನ್ನು ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ, ನಡುವೆ ಮತ್ತೆ ಕಾದರೆ ಗಾಳಿ ಸೋರಿಹೋಗಿ ಮುದಿಕಲ್ಲು ತಾನು ಎಳೆಯದೆಂದು ಸುಳ್ಳು ಹೇಳುತ್ತದೆ. ಯಾವ ಯುಗದಲ್ಲಿ ಅದಕ್ಕೆ ಕಾವು ತಗುಲಿತ್ತೆಂದು ಕಂಡುಹಿಡಿಯುವುದೇ ನಿಮ್ಮ ಕೆಲಸವಂತೆ. ಅಳೆಯಲೆಂದು ಈ ತಿಂಗಳೇ ಕಲ್ಲುಗಳು ವಿಲಾಯತಿಯ ಹಡಗು ಹತ್ತುತ್ತವೆ, ಈ ಸಲವೂ ಲೆಕ್ಕ ತಪ್ಪಿದರೆ ಸಾಹೇಬರು ನಿಮ್ಮನ್ನು ಮನೆಗೆ ಕಳಿಸುತ್ತಾರೆ ಎಂದೂ ಬರೆದಿದ್ದೀರಿ.

ಹೇಗೆ ಹೇಳಲಿ. ಆ ಚೀಲದ ಒಂದು ಕಲ್ಲನ್ನು ಅವ್ವ ಬೆಂಕಿಗೆ ಹಾಕಿದ್ದಾಳೆ. ಬಾಣಂತಿಗೆ ಕಾವು ಕೊಡಲು ಕರಿಕಲ್ಲೇ ಆಗಬೇಕು, ಅದು ಸಿಡಿಯುವುದಿಲ್ಲ, ಬಿಸಿ ಹಿಡಿದಿಡುತ್ತದೆ ಎಂಬುದು ಅವಳ ಹಟ. ಸಗಣಿ ಕುಳ್ಳಿನ ಕೆಂಡದಲ್ಲಿ ಹುದುಗಿಸಿ, ಹಳೆ ಸೀರೆಯಲ್ಲಿ ಸುತ್ತಿ ನನ್ನ ಹೊಟ್ಟೆಯ ಮೇಲಿಟ್ಟಳು. ಆಮೇಲೆ "ಅಳಿಯಾರ ಸಾಮಾನ ಅದ, ಹೊಲಸ ಇಡಬಾರ್ದು" ಎಂದು ಬೂದಿ ಹಚ್ಚಿ ತಿಕ್ಕಿ ತೊಳೆದು ಚೀಲಕ್ಕೇ ಹಾಕಿದಳು. ಈಗ ಯಾವುದೆಂದು ಯಾರಿಗೂ ಗುರುತು ಸಿಗದು. ನಿಮ್ಮ ಕಾಗದ ಓದಿ ಹೇಳಿದರೆ, "ಕಲ್ಲಿಗೇನ್ ಆಗ್ತದ ಬೇ? ಬೆಂಕ್ಯಾಗೇ ಹುಟ್ಟೇದಂತಲ್ಲ" ಎನ್ನುತ್ತಾಳೆ. ಅದಕ್ಕೆ ನೀವೇ ಬಂದು ಹೇಳಬೇಕು. ನಾನು ಏನು ಬರೆಯುತ್ತೇನೋ ಎಂದು ಅವಳು ಎದುರಿಗೇ ಕೂತಿದ್ದಾಳೆ.

ಹೇಗಾದರೂ ಸಾಹೇಬರಿಗೆ ಹೇಳಿ ಹಡಗಿಗೆ ಹೋಗುವುದನ್ನು ತಡೆಯಿರಿ. ನಿಮ್ಮ ಕೆಲಸ ಹೋದರೆ ನನ್ನಿಂದಲೇ ಹೋಯಿತೆಂಬ ಹೆದರಿಕೆ ನನ್ನನ್ನು ತಿನ್ನುತ್ತಿದೆ. ಅಪ್ಪ ಅವ್ವನ ಆಶೀರ್ವಾದ, ಕೂಸಿನದೊಂದು ಮುತ್ತು.

ನಿಮ್ಮ
ಗುರುಬಾಯಿ

ತಾಜಾ ಕಲಂ: ಅವ್ವ ನೀರಿಗೆ ಹೋದಳು. ಖಂಡಪ್ಪಣ್ಣ ಆಳಂದದ ಟಪಾಲಿಗೆ ಒಯ್ಯಲು ಬಾಗಿಲಲ್ಲಿ ನಿಂತಿದ್ದಾನೆ. ಒಂದು ಕಲ್ಲಲ್ಲ. ಹೆರಿಗೆಯಾದ ಸಂಜೆ ರಕ್ತ ನಿಲ್ಲಲೇ ಇಲ್ಲ. ಮೈ ತಣ್ಣಗಾಯಿತು, ಕೂಸಿನ ಅಳು ಕೂಡ ನನಗೆ ಕೇಳಲಿಲ್ಲ. ಚೀಲ ಸುರುವಿ ಎಲ್ಲ ಕಲ್ಲುಗಳನ್ನೂ ಕಾಸಿ ನನ್ನ ಸುತ್ತ ಇಟ್ಟರಂತೆ. ನೀವು ಗಾಬರಿಯಾಗುತ್ತೀರೆಂದು, ಬರೆಯುವುದಿಲ್ಲ ಅಂತ ಅಪ್ಪ ಅವ್ವ ನನ್ನಿಂದ ಆಣೆ ಮಾಡಿಸಿದ್ದಾರೆ. ಒಂದನ್ನೂ ಅಳೆಯಲು ಕಳಿಸಬೇಡಿ. ಇದನ್ನು ಮಲಗಿಯೇ ಬರೆದಿದ್ದೇನೆ, ಇನ್ನೂ ಎದ್ದು ಕೂಡಲು ಆಗುತ್ತಿಲ್ಲ. ಬೇರೆ ಕಲ್ಲು ಆಮೇಲೆ ಒಡೆದುಕೊಳ್ಳುವಿರಂತೆ, ಮೊದಲು ಬನ್ನಿ.