ತೆಗೆದುಹಾಕಿದ ನಾಲ್ಕು ನಿಮಿಷ

ಮಾರ್ಚ್ ೧೧, ಬುಧವಾರ

ಪ್ರೀತಿಯ ಗುಬ್ಬಿಗೆ, ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಫೋನಿನಲ್ಲಿ ಮಾತಾಡಿದರೆ ಒಂದೋ ಅಳುತ್ತೇವೆ, ಇಲ್ಲವೇ ಜಗಳವಾಡುತ್ತೇವೆ, ಕಾಗದವೇ ವಾಸಿ ಎಂದು ನಿಯಮ ಮಾಡಿದವಳು ನಾನು. ಉತ್ತರ ಬರೆಯದೆ ಅದನ್ನು ಮುರಿದವಳೂ ನಾನೇ, ಕ್ಷಮಿಸು. ಕೆಲಸವಿತ್ತು ನಿಜ, ಆದರೆ ತಡವಾದದ್ದು ಅದಕ್ಕಲ್ಲ. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಮಂಡಿನೋವು ಇದೆ, ಕನ್ನಡಕದ ನಂಬರ್ ಮತ್ತೆ ಏರಿದೆ, ಅಡುಗೆಮನೆಯ ನಲ್ಲಿ ಮಾತ್ರ ಸೋರುವುದು ನಿಂತಿದೆ. ಮೊಮ್ಮಗಳ ಬೊಚ್ಚುಬಾಯಿ ಫೋಟೋವನ್ನು ಎಡಿಟಿಂಗ್ ರೂಮಿನ ಗೋಡೆಗೆ ಅಂಟಿಸಿದ್ದೇನೆ. ನಿನ್ನದೇ ಮುಖ, ನಿನ್ನದೇ ಹಟ.

ನೀನು ಕಾಗದದಲ್ಲಿ ಎರಡು ಮಾತು ಬರೆದಿದ್ದೆ. ನಾನು ಎಡಿಟ್ ಮಾಡಿದ ಆ ಹಳೆಯ ಸಿನಿಮಾ ಮತ್ತೆ ತೆರೆಗೆ ಬರಕೂಡದು ಎನ್ನುವುದು ಒಂದು. ನಿನ್ನ ತಮ್ಮನ ತಲೆಗೆ ಕಾಡಿನ ಹುಚ್ಚು ಹಿಡಿಸಿದ್ದು ಡೈರೆಕ್ಟರ್ ಮಾಮ, ಸಾಯುವವರೆಗೂ ಅವರ ಮುಖ ನೋಡುವುದಿಲ್ಲ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಕೊಡಬೇಕು. ಶುಕ್ರವಾರ ಬೆಳಿಗ್ಗೆ ಹೊಸ ಪ್ರತಿ ಥಿಯೇಟರಿಗೆ ಹೋಗುತ್ತದೆ. ಅದು ಯಾವ ರೂಪದಲ್ಲಿ ಹೋಗಬೇಕು ಎನ್ನುವುದನ್ನು ಮಾಮ ನನಗೇ ಬಿಟ್ಟಿದ್ದಾರೆ.

ಮಾಮ ಆ ಮಾತುಗಳನ್ನೆಲ್ಲ ಆಡುತ್ತಿದ್ದದ್ದು ಸುಳ್ಳಲ್ಲ. ನಮ್ಮ ಹಾಲಿನಲ್ಲಿ ಕಾಲು ಮಡಚಿ ಕೂತು, ಮರ ಯಾರ ಅಪ್ಪಣೆ ಕೇಳಿ ಚಿಗುರುತ್ತದೆ ಎನ್ನುತ್ತಿದ್ದರು. ಎಲೆಯೊಳಗೆ ಇರುವುದೇ ನಮ್ಮೊಳಗೂ ಇದೆ, ಗುಂಪು ಬಿಟ್ಟು ಒಂಟಿಯಾಗಿ ನಿಂತವನಿಗೆ ಮಾತ್ರ ಅದು ತಿಳಿಯುತ್ತದೆ ಎನ್ನುತ್ತಿದ್ದರು. ನಿನ್ನ ತಮ್ಮ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ನೀನು ಹಿಂದೆ ನಿಂತು ಅವರ ಗಡ್ಡ ಸವರುವುದನ್ನು ಅಣಕಿಸುತ್ತಿದ್ದೆ. ಸಿನಿಮಾದ ಕಥೆಯೂ ಅದೇ ತಾನೇ. ಗುಮಾಸ್ತನೊಬ್ಬ ಕುರ್ಚಿಯಿಂದ ಎದ್ದು, ಬೀಗದ ಕೈ ಮೇಜಿನ ಮೇಲಿಟ್ಟು, ಕಾಡಿಗೆ ಹೋಗಿ ಒಂದು ವರ್ಷ ಒಬ್ಬನೇ ಇರುತ್ತಾನೆ. ಆ ಏಕಾಂತವನ್ನು ಚಿತ್ರೀಕರಿಸಲು ನಲವತ್ತು ಜನ ಬೇಕಾದರು ಗುಬ್ಬಿ. ಸೊಳ್ಳೆಬತ್ತಿ ಹಚ್ಚುವುದಕ್ಕೇ ಒಬ್ಬನಿದ್ದ. ಈಗಲೂ ನನ್ನ ಮೇಜಿಗೆ ಬರುವ ಮೂರು ಸಿನಿಮಾಗಳಲ್ಲಿ ಒಂದರಲ್ಲಿ ಯಾರೋ ಫೋನ್ ಎಸೆದು ಬೆಟ್ಟ ಹತ್ತುತ್ತಾರೆ. ಅವರಿಗೆ ಬುತ್ತಿ ಕಟ್ಟಿಕೊಟ್ಟವರು ಯಾರು ಎನ್ನುವುದನ್ನು ಯಾರೂ ತೋರಿಸುವುದಿಲ್ಲ.

ಹೋದ ತಿಂಗಳು ಹಳೆಯ ಹಾರ್ಡ್ ಡಿಸ್ಕ್ ತಂದು ಸಿನಿಮಾ ತೆರೆದೆ. ಮೊದಲ ದಿನ ಬರೀ ಚಿತ್ರ ನೋಡಿದೆ, ಬಣ್ಣ ಸರಿಮಾಡಿದೆ, ಏನೂ ಆಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಧ್ವನಿ ಹಾಕಿದೆ. ತೆರೆಯ ಮೇಲೆ ನಾಯಕ ತರಗೆಲೆಯ ಮೇಲೆ ನಡೆದು ಹೋಗುತ್ತಿದ್ದಾನೆ. ಕೇಳಿಸಿದ್ದು ಮಾತ್ರ ನಿನ್ನ ತಮ್ಮನ ಹೆಜ್ಜೆ.

ನಿನಗೆ ನೆನಪಿರಬೇಕು. ಚಿತ್ರೀಕರಣದ ಜಾಗದಲ್ಲಿ ಹಿಡಿದ ಹೆಜ್ಜೆಸದ್ದು ಕೆಟ್ಟಿತ್ತು. ಸೌಂಡಿನವರು ಮರದ ತಟ್ಟೆಯಲ್ಲಿ ಒಣ ಎಲೆ ತುಂಬಿಸಿ, ತೆರೆ ನೋಡುತ್ತಾ ಅದರ ಮೇಲೆ ನಡೆಯಲು ಒಬ್ಬರನ್ನು ಹುಡುಕುತ್ತಿದ್ದರು. ನಿನ್ನ ತಮ್ಮನಿಗೆ ಆಗ ಇಪ್ಪತ್ತೆರಡು. ಕಾಲೇಜು ಮುಗಿಸಿ ಮುಂದೇನು ಎಂದು ತಿಳಿಯದೆ ಕೂತಿದ್ದ, ನಾನು ನಡೆಯುತ್ತೇನೆ ಎಂದ. ಐದು ದಿನ ಬರಿಗಾಲಿನಲ್ಲಿ ನಡೆದ. ನೀನು ಸೈಕಲ್ಲಿನಿಂದ ಬೀಳಿಸಿದಾಗ ಪೆಟ್ಟಾದ ಎಡಗಾಲು, ಹಿಮ್ಮಡಿ ಚೂರು ತಡವಾಗಿ ಊರುತ್ತಿತ್ತಲ್ಲ, ಅದು ಸಿನಿಮಾ ತುಂಬಾ ಇದೆ. ಸಾವಿರಾರು ಜನ ಕೇಳಿದ್ದಾರೆ, ಯಾರಿಗೂ ತಿಳಿದಿಲ್ಲ. ನಾನು ಧ್ವನಿ ನಿಲ್ಲಿಸಿ ಕಾರಿಡಾರಿಗೆ ಬಂದು ನಿಂತೆ. ಅಲ್ಲಿಯೂ ಕೇಳಿಸಿತು. ಆಮೇಲೆ ಮನೆಯಲ್ಲೂ, ಬಟ್ಟೆ ಮಡಚುವಾಗ, ನಲ್ಲಿ ತಿರುಗಿಸುವಾಗ, ಬಲಗಾಲು, ತುಸು ತಡೆದು ಎಡಗಾಲು. ಕೇಳಿಸಿದ್ದಕ್ಕೆ ನನಗೆ ಭಯವಾಗಲಿಲ್ಲ. ನಿಂತುಹೋದರೆ ಏನು ಗತಿ ಎಂದು ಭಯವಾಯಿತು.

ಅವನು ಕಾಡಿಗೆ ಹೊರಟ ದಿನ ನಾನೇ ಬಾಗಿಲು ತೆಗೆದದ್ದು. ಹದಿನೈದು ದಿನ ಅಮ್ಮ, ಒಬ್ಬನೇ ಇದ್ದು ನೋಡಿ ಬರುತ್ತೇನೆ ಎಂದ. ಬರುವ ಜೂನ್‌ಗೆ ಮೂರು ವರ್ಷ. ಕಾಡಿನ ಕಾವಲುಗಾರ ಅವನನ್ನು ಕಡೆಯ ಸಲ ನೋಡಿದಾಗ ಕಾಲು ಊದಿತ್ತಂತೆ, ಜ್ವರದಲ್ಲಿ ಮುಖ ಕೆಂಪಾಗಿತ್ತಂತೆ. "ರಸ್ತೆವರೆಗೂ ನಾನು ಬಿಡ್ಲಾ?" ಎಂದು ಕೇಳಿದರೆ ನಕ್ಕು, "ಬೇಡ, ನಾನೇ ಹೋಗ್ತೀನಿ" ಎಂದನಂತೆ. ಮೂರು ದಿನದ ಮೇಲೆ ಸಿಕ್ಕಿದ, ಉಸಿರಿರಲಿಲ್ಲ. ಬ್ಯಾಗು ಹೆಗಲಲ್ಲೇ ಇತ್ತು, ಮುಖ ರಸ್ತೆಯ ಕಡೆಗಿತ್ತು. ಅಲ್ಲಿಗೆ ಗಾಡಿಗಳ ಸದ್ದು ಕೇಳಿಸುತ್ತದೆ. ಮನೆಗೆ ಬರುತ್ತಿದ್ದ ಮಗು ಅದು. ಇದನ್ನು ಬರೆಯಬೇಡ, ನಾನು ಓದಲಾರೆ ಎಂದು ನೀನು ಹೇಳಿದ್ದೆ. ಇವತ್ತು ಬರೆಯದೆ ವಿಧಿಯಿಲ್ಲ.

ಯಾಕೆಂದರೆ ಅದೇ ಡಿಸ್ಕ್‌ನಲ್ಲಿ ನಮ್ಮ ಸಿನಿಮಾದಿಂದ ತೆಗೆದುಹಾಕಿದ ನಾಲ್ಕು ನಿಮಿಷ ಸಿಕ್ಕಿತು. ನೀನು ನೋಡಿದ ಸಿನಿಮಾ ನಾಯಕ ಕಾಡಿನೊಳಗೆ ಮರೆಯಾಗುವುದರೊಂದಿಗೆ ಮುಗಿಯುತ್ತದೆ. ಮೊದಲು ಅದು ಹಾಗೆ ಮುಗಿಯುತ್ತಿರಲಿಲ್ಲ. ಅವನು ಹಿಂದಿರುಗುತ್ತಾನೆ. ಸೌದೆ ಆಯುವ ಮುದುಕಿಯೊಬ್ಬಳು ಎದುರಾಗುತ್ತಾಳೆ. ಒಂದು ವರ್ಷ ಯಾರೊಡನೆಯೂ ಮಾತಾಡದವನು ಗಂಟಲು ಸರಿಮಾಡಿಕೊಂಡು, "ದಾರಿ ತಪ್ಪಿದೆ ಅಜ್ಜಿ, ರಸ್ತೆವರೆಗೂ ಜೊತೆಗೆ ಬರ್ತೀರಾ?" ಎನ್ನುತ್ತಾನೆ. ಅವಳು ಏನೂ ಕೇಳದೆ ಹೊರೆಯಲ್ಲಿ ಅರ್ಧವನ್ನು ಅವನ ತಲೆಗೆ ಹೊರಿಸಿ ಮುಂದೆ ನಡೆಯುತ್ತಾಳೆ. ಅಷ್ಟೇ ದೃಶ್ಯ. ಬಿಡುಗಡೆಗೆ ಹತ್ತು ದಿನವಿದ್ದಾಗ ಅದನ್ನು ತೆಗೆದದ್ದು, ಹಾಗಾಗಿ ಅದಕ್ಕೂ ನಿನ್ನ ತಮ್ಮ ನಡೆದಿದ್ದಾನೆ. ಈ ಕಡೆಗೆ ಬರುವ ಹೆಜ್ಜೆಗಳು ಗುಬ್ಬಿ. ಅದನ್ನು ಒಂದೇ ಮಧ್ಯಾಹ್ನ ಹನ್ನೊಂದು ಸಲ ಹಾಕಿಕೊಂಡು ಕೇಳಿದೆ.

ಸೋಮವಾರ ಮಾಮ ಬಂದಿದ್ದರು. ಕೋಲು ಹಿಡಿದಿದ್ದಾರೆ, ಮಾತು ಕಡಿಮೆಯಾಗಿದೆ, ಗಡ್ಡವಿಲ್ಲ. ನಾನು ಆ ನಾಲ್ಕು ನಿಮಿಷ ತೋರಿಸಿದೆ. ಪೂರ್ತಿ ನೋಡಿ, ನಿನ್ನ ಮಗಳ ಫೋಟೋ ಕಡೆ ತಿರುಗಿ, ಎಷ್ಟು ಹಲ್ಲು ಬಿದ್ದಿದೆ ಎಂದು ಕೇಳಿದರು. ಹೊರಡುವಾಗ ಬಾಗಿಲ ಬಳಿ ನಿಂತು, "ನಿನಗೆ ಸರಿ ಕಂಡ ಹಾಗೆ ಮಾಡಮ್ಮ, ನಾನು ಯಾರಿಗೂ ಏನೂ ಹೇಳೋದಿಲ್ಲ" ಎಂದರು. ಮೂರು ವರ್ಷದಿಂದ ಅವರು ಹೇಳಿಯೂ ಇಲ್ಲ.

ನನ್ನ ಉತ್ತರ ಇಷ್ಟು. ಸಿನಿಮಾ ತೆರೆಗೆ ಬರಲಿ, ಆದರೆ ಅವನು ಹಿಂದಿರುಗಲಿ. ಆ ನಾಲ್ಕು ನಿಮಿಷ ನಿನ್ನೆ ಅದರ ಜಾಗಕ್ಕೆ ಸೇರಿಸಿದೆ. ನನ್ನ ಮಗ ಬರಲಿಲ್ಲ, ಅದು ಗೊತ್ತು. ಬೇರೆ ಯಾರ ಮಗನಾದರೂ ಥಿಯೇಟರಿನ ಕತ್ತಲಲ್ಲಿ ಕೂತು ನೋಡುತ್ತಾನಲ್ಲ, ಅವನಿಗಾಗಿ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿಗೆ ಮುತ್ತು, ಹೊಸ ಹಲ್ಲು ನೆಟ್ಟಗೆ ಬರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನೂರು ಕಾಲ ನಿನ್ನ ಮನೆ ಜನರಿಂದ ತುಂಬಿರಲಿ.

ನಿನ್ನ
ಅಮ್ಮ

ತಾ.ಕ. ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನು ಬರೆದುಬಿಡುತ್ತೇನೆ. ಆ ನಾಲ್ಕು ನಿಮಿಷ ತೆಗೆದವರು ಮಾಮ ಅಲ್ಲ, ನಾನು. ಅದು ಇರಲೇಬೇಕೆಂದು ಅವರು ಎರಡು ದಿನ ಜಗಳವಾಡಿದ್ದರು. ಕಾಡಿಗೆ ಹೋಗುವುದು ಸುಲಭ, ಬಂದು ಇನ್ನೊಬ್ಬರ ಹೊರೆ ಹೊರುವುದೇ ಸಿನಿಮಾ ಎಂದಿದ್ದರು. ನಾನು ಗೆದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಅವರನ್ನು ಬೈಯುವಾಗೆಲ್ಲ ನಾನು ಅದನ್ನೂ ಮಾಡದೆ ಸುಮ್ಮನಿದ್ದೆ. ಐದು ದಿನ ನಡೆದ ಕಾಲು ನೋಯುತ್ತಿದ್ದರೂ ನಿನ್ನ ತಮ್ಮ ಬಂದು, "ಅದನ್ನ ಯಾಕಮ್ಮ ತೆಗೆದೆ? ಅದೇ ಚೆನ್ನಾಗಿತ್ತು" ಎಂದು ಕೇಳಿದ. ನಾನು ತೆರೆಯಿಂದ ಕಣ್ಣು ಕೀಳದೆ, "ದಾರಿ ಕೇಳಿದ ತಕ್ಷಣ ಅವನು ಸಣ್ಣವನಾಗಿಬಿಡ್ತಾನೆ ಕಣೋ" ಎಂದೆ. ಅವನು ಅಂಗಾಲಿಗೆ ಅಂಟಿದ್ದ ಎಲೆಚೂರು ಕೀಳುತ್ತಾ, "ಹೌದಲ್ವಾ" ಎಂದ.

ಮೊದಲು ಮಾಮನಿಗೆ ಒಂದು ಫೋನ್ ಮಾಡು. ಆಮೇಲೆ ಸಾಧ್ಯವಾದರೆ ಇಲ್ಲಿಗೆ ಬಾ. ಇಲ್ಲಿಂದ ಮುಂದೆ ನನಗೆ ದಾರಿ ತಿಳಿಯುತ್ತಿಲ್ಲ ಮಗಳೇ, ಅದಕ್ಕೇ ಕೇಳುತ್ತಿದ್ದೇನೆ.