ಕಿಡಿ ಓಡಿಹೋಗುವ ಹೊತ್ತು

ಜೂನ್ 3, ಬೆಳಿಗ್ಗೆ

ಮತ್ತೆ ಓಡಿಹೋಯಿತು ಕಿಡಿ. ಮೇಜಿನ ಮೇಲೆ ಅರ್ಧ ಕತ್ತರಿಸಿದ ಸ್ಕೂಲ್ ಯೂನಿಫಾರ್ಮು, ಕುತ್ತಿಗೆಯಲ್ಲಿ ಟೇಪು — ಹಾಗೇ ಹಿಂದೆ ಓಡಿದೆ ನಾನು. ಬೀದಿ ಮೂಲೆಯ ಇಸ್ತ್ರಿ ಅಂಗಡಿಯವನು ಗದ್ದ ಎತ್ತಿ ದಾರಿ ತೋರಿಸಿದ. ತೋರಿಸಬೇಕಾಗಿಯೇ ಇರಲಿಲ್ಲ. ಈ ನಾಯಿ ಹೋಗುವುದು ಒಂದೇ ಕಡೆ. ದೊಡ್ಡ ರಸ್ತೆ ದಾಟಿ, ನಮ್ಮ ಯಜಮಾನರ ವೆಲ್ಡಿಂಗ್ ಶಾಪಿಗೆ. ಇವರು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ದಿನ ಎಳೆದ ಶಟರು ಇನ್ನೂ ಎತ್ತಿಲ್ಲ. ಅದರ ಮುಂದೆ ಕಾವಲು ಕೂತಿತ್ತು. ರಜೆ ಅಂದರೇನು ಅಂತ ಅದಕ್ಕೆ ಯಾರು ಹೇಳಬೇಕು.

ಹಿಡಿದು ತರುವಷ್ಟರಲ್ಲಿ ಅರ್ಧ ಗಂಟೆ. ಸೊಂಟ ಬಿದ್ದುಹೋಗಿದೆ. ಶಾಲೆ ಶುರುವಾಗುವ ಕಾಲ, ಹೊಲಿಯುವುದು ಗುಡ್ಡೆ ಬಿದ್ದಿದೆ.

ಇವರು ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. "ಸಿಕ್ತಾ?" ಅಂದರು. ಅಷ್ಟೇ.

ಜೂನ್ 4

ಹಿತ್ತಿಲ ಗೋಡೆಯ ಕಿಂಡಿಗೆ ಹಳೇ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡು ಅಡ್ಡ ಇಟ್ಟೆ. ಅದರ ಪಕ್ಕ ನೀರಿನ ಡ್ರಮ್ಮು. ಕಿಡಿ ಕೂತು ಎಲ್ಲ ನೋಡಿತು, ಮೇಸ್ತ್ರಿ ಹಾಗೆ. ಮಧ್ಯಾಹ್ನ ಓಡಿಹೋಗಿತ್ತು. ಕಿಂಡಿ ಹಾಗೇ ಇದೆ. ಬೀದಿ ಕಡೆಯ ಸಣ್ಣ ಗೇಟು ತೆರೆದಿದೆ.

ಊರಿಗೆಲ್ಲ ಗೇಟು ಮಾಡಿಕೊಟ್ಟವರ ಮನೆ ಇದು. ನಗಬೇಕೋ ಅಳಬೇಕೋ.

ಜೂನ್ 5

ಫಿಸಿಯೋ ಹುಡುಗಿ ಬಂದಿದ್ದಳು. ಮೂಳೆ ಚೆನ್ನಾಗಿ ಕೂಡಿದೆಯಂತೆ, ಕಾಲಿಗೆ ಹಾಕಿದ ರಾಡೂ ಗಟ್ಟಿ. ಆದರೆ ಮಂಡಿ ಮರಗಟ್ಟುತ್ತಿದೆ. ಈಗ ನಡೆಸದಿದ್ದರೆ ಆಮೇಲೆ ಏನು ಮಾಡಿದರೂ ಮಡಚುವುದಿಲ್ಲವಂತೆ. ಇದನ್ನು ಇವರ ಎದುರಿಗೇ ಹೇಳಿದಳು. ನಾನು ಒಂದು ತೋಳು, ಅವಳು ಒಂದು ತೋಳು. ಎರಡು ಹೆಜ್ಜೆ ಇಟ್ಟು ಕೂತುಬಿಟ್ಟರು.

ಅವಳು ಹೋದ ಮೇಲೆ ಹೇಳಿದೆ, ಇನ್ನೊಂದು ಸಲ ನೋಡೋಣ ರೀ, ನಾನು ಹಿಡಿದುಕೊಂಡಿರುತ್ತೇನಲ್ಲ ಅಂತ.

"ಹಿಡ್ಕೊಂಡು ಹಿಡ್ಕೊಂಡೇ ನನ್ನ ಸಾಯಿಸ್ತೀಯ ನೀನು" ಅಂದರು.

ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಬೇಡದ್ದನ್ನೆಲ್ಲ ಎತ್ತಿ ತೊಳೆದ ಕೈಗೆ ಸಿಕ್ಕ ಮಾತು. ಮೆಷಿನ್ ತುಳಿದೆ. ಆ ಹುಡುಗಿ ಮೊದಲ ಸಲ ಬಂದಾಗಲೇ ತಂದುಕೊಟ್ಟ ಕೋಲು ಕಿಟಕಿ ಸರಳಿಗೆ ನೇತುಬಿದ್ದಿದೆ, ಮುಟ್ಟುವವರಿಲ್ಲ.

ಜೂನ್ 7

ಗೇಟಿನ ಚಿಲಕ ಮೂತಿಯಿಂದ ಎತ್ತುವುದನ್ನು ಕಲಿತಿದೆ, ಬೇರೇನಿಲ್ಲ. ಚಿಲಕಕ್ಕೆ ಅಗಲ ಎಲಾಸ್ಟಿಕ್ ಸುತ್ತಿಬಿಟ್ಟೆ, ಮೂರು ಸುತ್ತು. ಇವರು ಕಿಟಕಿಯಿಂದ ನೋಡಿ, ಗೇಟಿಗೂ ಲಂಗದ ಲಾಡಿ ಹಾಕ್ತೀಯಾ ಅಂತ ಕೇಳಿದರು. ಬಹಳ ದಿನಕ್ಕೆ ಒಂದು ತಮಾಷೆ ಬಂತು ಬಾಯಿಂದ. ಸಿಟ್ಟು ಬರಲಿಲ್ಲ.

ಸಂಜೆ ಎಲಾಸ್ಟಿಕ್ ನೆಲದ ಮೇಲೆ. ಹಲ್ಲಿನ ಗುರುತಿಲ್ಲ, ಕಡಿದಿಲ್ಲ, ನೀಟಾಗಿ ಜಾರಿಸಿದ ಹಾಗೆ. ನಾನು ಚಾಪೆ ಕೆಳಗೆ ತೂರಿದರೆ ಇದು ರಂಗೋಲಿ ಕೆಳಗೆ ತೂರುತ್ತದೆ. ಬೀಗ ಹಾಕುತ್ತೇನೆ ಅಂದೆ. ಬೀಗ ನೋಡಿದರೆ ಗಿರಾಕಿಗಳು ವಾಪಸು ಹೋಗುತ್ತಾರೆ ಅಂದರು ಇವರು. ಅದೂ ನಿಜ.

ಜೂನ್ 10

ದೊಡ್ಡ ರಸ್ತೆಯಲ್ಲಿ ಲಾರಿ. ಕಿಡಿ ಗಾಲಿಗೆ ಗೇಣು ದೂರ. ಡ್ರೈವರ್ ತಲೆ ಹೊರಗೆ ಹಾಕಿ ನನಗೆ ಬೈದ, ಸಾಕೋಕೆ ಆಗಲ್ಲ ಅಂದ್ರೆ ಯಾಕೆ ಇಟ್ಕೋತೀರ ಅಂತ. ಸರಿಯಾಗಿಯೇ ಕೇಳಿದ.

ಬರುತ್ತಲೇ ನಾದಿನಿಗೆ ಫೋನ್ ಮಾಡಿದೆ. ಅವಳ ಗೋಡೌನಿಗೆ ಆಳೆತ್ತರದ ಗೋಡೆ. ಭಾನುವಾರ ಬಂದು ಕರಕೊಂಡು ಹೋಗುತ್ತೇನೆ ಅತ್ತಿಗೆ ಅಂದಳು. ಇವರಿಗೆ ಹೇಳಿದೆ.

"ಇರ್ಲಿ ಬಿಡು. ಪಾಪ."

ನನ್ನ ಬಗ್ಗೆ ಯಾವತ್ತೂ ಆಡದ ಮಾತು, ನಾಯಿಗೆ. ಅದರ ಹಿಂದೆ ಓಡುವವಳು ನಾನು, ನೀವಲ್ಲ ಅಂದುಬಿಟ್ಟೆ. ಅನ್ನಬಾರದಿತ್ತು. ಮುಖ ಗೋಡೆ ಕಡೆ ತಿರುಗಿತು. ತಿರುಗಲಿ. ನನಗೂ ಸಾಕಾಗಿದೆ... ಯಾರಾದರೂ ಒಂದು ದಿನ ಎಲ್ಲವನ್ನೂ ನೋಡಿಕೊಂಡರೆ ಬಾಗಿಲು ಹಾಕಿ ಮಲಗಿಬಿಡುತ್ತೇನೆ.

ಜೂನ್ 11

ಸ್ನಾನ ಮಾಡಿಸುವಾಗ ನೋಡಿದೆ, ಮೊಣಕೈ ನೀಲಿಗಟ್ಟಿದೆ. ಮಂಚಕ್ಕೆ ತಗುಲಿತು ಅಂದರು. ಮಂಚ ಮರದ್ದು, ಮೇಲೆ ಹಾಸಿಗೆ. ಹೆಚ್ಚು ಕೇಳಲಿಲ್ಲ. ಕೇಳುವಷ್ಟು ಶಕ್ತಿ ಇಲ್ಲ.

ಜೂನ್ 12, ಮಧ್ಯಾಹ್ನ

ಇಸ್ತ್ರಿ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಬಿಲ್ ಚೀಟಿಯ ಹಿಂದೆ. ಮನೆಗೆ ಹೋಗಿ ಡೈರಿಯಲ್ಲಿ ಅಂಟಿಸಬೇಕು.

ಕಿಡಿ ಓಡಿತು, ಹಿಂದೆ ನಾನು. ಆದರೆ ಇವತ್ತು ಅಂಗಡಿಯವನು ಬಿಸ್ಕತ್ತು ತೋರಿಸಿ ಮೂಲೆಯಲ್ಲೇ ಹಿಡಿದುಕೊಂಡಿದ್ದ. ಹೋದ ಕಾಲಲ್ಲೇ ವಾಪಸು. ಗೇಟು ದಾಟುವಾಗ ಒಳಗೆ ಯಾರೋ ಬೈಯುವ ಸದ್ದು. "ಏಳೋ ಕಳ್ಳ, ಏಳು. ನಾಟಕ ಸಾಕು." ಇವರ ಶಾಪಿನ ದನಿ ಅದು, ಕೆಲಸದವರನ್ನು ಗದರುವ ದನಿ. ಎಷ್ಟು ದಿನ ಆಗಿತ್ತು ಕೇಳಿ. ಕಿಟಕಿಯಿಂದ ಇಣುಕಿದೆ.

ಮಂಚ ಖಾಲಿ. ಇವರು ಮುಂದಿನ ಕೋಣೆಯಲ್ಲಿ, ನನ್ನ ಕತ್ತರಿಸುವ ಮೇಜು ಹಿಡಿದು ನಿಂತಿದ್ದಾರೆ. ಇನ್ನೊಂದು ಕೈಯಲ್ಲಿ ಆ ಕೋಲು. ಬೈಯುತ್ತಿರುವುದು ತಮ್ಮ ಕಾಲಿಗೇ. ಒಂದು ಹೆಜ್ಜೆ. ಇನ್ನೊಂದು. ಮೂರನೆಯದಕ್ಕೆ ಧೊಪ್ಪನೆ ಬಿದ್ದರು.

ಅಯ್ಯೋ ಅನ್ನುವುದು ಗಂಟಲವರೆಗೆ ಬಂದಿತ್ತು. ಹೇಗೋ ನುಂಗಿದೆ. ಕಿಡಿಯ ಮೂತಿ ಅದುಮಿ ಹಿಡಿದೆ. ಇವರು ಆಚೆ ಈಚೆ ನೋಡಿದರು, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಮೇಜಿನ ಕಾಲು ಹಿಡಿದು ಎದ್ದರು. ಒಬ್ಬರೇ. ಮಂಡಿ ಮಡಚಿತು. ನಾನೇ ನೋಡಿದೆ.

ಸದ್ದಿಲ್ಲದೆ ಇಲ್ಲಿಗೆ ಬಂದು ಕೂತೆ. ಆಮೇಲೆ ತಲೆಗೆ ಹೊಳೆಯಿತು. ಮಂಚದ ಕಿಟಕಿಯಿಂದ ಸಣ್ಣ ಗೇಟಿಗೆ ಕೋಲಿನಷ್ಟು ದೂರ. ಅದರ ಹಿಡಿಯೋ ಕೊಕ್ಕೆ ಹಾಗಿದೆ. ಚಿಲಕ ಎತ್ತುತ್ತಿದ್ದದ್ದು ನಾಯಿಯಲ್ಲ. ನಾನು ಬೆನ್ನು ಹಾಕಿ ಮೆಷಿನ್ ತುಳಿಯುವಾಗ ಇವರು ಎತ್ತುತ್ತಿದ್ದರು, ಕಿಡಿ ಓಡಲಿ, ಅದರ ಹಿಂದೆ ನಾನು ಓಡಲಿ, ನೋಡುವವರಿಲ್ಲದ ಅರ್ಧ ಗಂಟೆ ಸಿಗಲಿ ಅಂತ.

ಮೊದಲು ಬಂದದ್ದು ಸಿಟ್ಟು. ಆ ಬಿಸಿಲು, ಆ ಲಾರಿ, ನನ್ನ ಸೊಂಟ. ಬಾಯಿ ಬಿಟ್ಟು ಹೇಳಿದ್ದರೆ ನಾನೇ ಎದ್ದು ಹೋಗುತ್ತಿರಲಿಲ್ಲವೇ? ಹೋಗುತ್ತಿರಲಿಲ್ಲ, ಗೊತ್ತು. ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದೆ, ಬೀಳುವ ಮುಂಚೆ ಓಡಿ ಹಿಡಿಯಲು. ಅದು ಅವರಿಗೂ ಗೊತ್ತು.

ಸುಮ್ಮನೆ ಅತ್ತೆ. ಅಂಗಡಿಯವನು ಒಂದು ಟೀ ತರಿಸಿಕೊಟ್ಟ.

ಜೂನ್ 13

ನಾದಿನಿಗೆ ಬರಬೇಡ ಅಂದೆ. ಕಿಡಿಗೆ ಹೊಟ್ಟೆ ಕೆಟ್ಟಿದೆ ಅಂತ ಸುಳ್ಳು. ಅತ್ತಿಗೆ, ನಿಮಗೆ ಆ ನಾಯಿ ಮೇಲೆ ಪ್ರಾಣ, ಒಪ್ಪಿಕೊಳ್ಳಿ ಅಂದಳು. ಒಪ್ಪಿಕೊಂಡೆ.

ಅಂಗಡಿಯವನ ಜೊತೆಯೂ ಮಾತಾಡಿದೆ. ಬಿಸ್ಕತ್ತು ನನ್ನದು, ಮೂಲೆಯಲ್ಲಿ ಹಿಡಿಯುವ ಕೆಲಸ ಅವನದು. ದೊಡ್ಡ ರಸ್ತೆಯ ಭಯ ಇನ್ನಿಲ್ಲ. ಗುಂಡಿ ಹಚ್ಚುವ ಅಂಗಿಗಳನ್ನೆಲ್ಲ ಚೀಲದಲ್ಲಿ ತುಂಬಿ ಬಾಗಿಲ ಬಳಿ ಇಟ್ಟಿದ್ದೇನೆ. ಓಡುವಾಗ ಎತ್ತಿಕೊಂಡರಾಯಿತು.

ಜೂನ್ 24

ಇವತ್ತು ವಿಚಿತ್ರ. ಹೊತ್ತಾದರೂ ಗೇಟು ತೆರೆಯಲಿಲ್ಲ. ಇಣುಕಿದರೆ ಇವರಿಗೆ ನಿದ್ದೆ. ಕಾದೆ. ಎದ್ದ ಸದ್ದಾದಾಗ ನಾನೇ ಹೋಗಿ ಚಿಲಕ ತೆಗೆದೆ. ಇಷ್ಟು ದಿನ ಕಟ್ಟಿದರೂ ನಿಲ್ಲದ ನಾಯಿ, ತೆಗೆದಿಟ್ಟರೆ ಕಾಲು ಚಾಚಿ ಮಲಗಿದೆ. ಹಿಂದಿನಿಂದ ನೂಕಿ, ಮುಂದಿನಿಂದ ಎಳೆದು, ಅಂತೂ ಬೀದಿಗೆ ಹಾಕಿ ಕೂಗಿದೆ — ಓಡಿಹೋಯ್ತು ರೀ!

ಒಳಗಿನಿಂದ ಉತ್ತರ ಬಂತು. "ನಿಧಾನಕ್ಕೆ ಹೋಗಿ ಬಾ. ಅವಸರ ಇಲ್ಲ."

ಇವರಿಗೆ ಗೊತ್ತಾಗಿದೆಯೋ ಏನೋ. ಕೇಳುವವರು ಯಾರು.

ಜುಲೈ 2, ಸಂಜೆ

ಕಿಡಿ ಅಂಗಳದಲ್ಲಿ ಮಲಗಿದೆ, ಗೇಟು ಹಾಕಿದೆ, ನಾನು ಮನೆಯಲ್ಲೇ ಇದ್ದೇನೆ. ಮೇಜಿನ ಮುಂದೆ. ಈ ನಾಲ್ಕು ಸಾಲು ಬರೆದು ಸ್ಕರ್ಟು ಕತ್ತರಿಸಬೇಕು ಅಂದುಕೊಂಡು ಕೂತದ್ದು.

ಒಳಗೆ ಮಂಚ ಕಿರುಗುಟ್ಟಿತು. ನೀರು ಬೇಕಾ ಅಂತ ಕೇಳಹೋಗಿ ಬಾಯಿ ಮುಚ್ಚಿಕೊಂಡೆ. ಕೋಲು ನೆಲಕ್ಕೆ ತಗುಲಿತು. ನಾನಿರುವುದು ಗೊತ್ತಿದೆ ಇವರಿಗೆ. ಈಗ ತಾನೇ ಕೆಮ್ಮಿದ್ದೆ. ಗೊತ್ತಿದ್ದೂ ಬರುತ್ತಿದ್ದಾರೆ.

ಬಾಗಿಲವರೆಗೆ ಬಂದಾಯಿತು. ತಲೆ ಎತ್ತಬಾರದು. ಎತ್ತಿದರೆ ಅಲ್ಲೇ ಕೂತುಬಿಡುತ್ತಾರೆ. ಅದಕ್ಕೇ ಬರೆಯುತ್ತಲೇ ಇದ್ದೇನೆ, ಏನೋ ಒಂದು, ಕೈ ನಿಲ್ಲಿಸದೆ — ಎದುರುಮನೆ ಹುಡುಗಿಯ ಸ್ಕರ್ಟು, ಉದ್ದ ಇಪ್ಪತ್ತೆರಡು, ಸೊಂಟ ಇಪ್ಪತ್ತನಾಲ್ಕು, ಪಟ್ಟಿ ಎರಡಿಂಚು — ನಿಂತರು — ಇಲ್ಲ, ಬರುತ್ತಿದ್ದಾರೆ — ಪಟ್ಟಿ ಎರಡಿಂಚು, ನೆರಿಗೆ ಹದಿನಾರು — ಮೇಜಿನ ಅಂಚಿಗೆ ಕೈ ಬಂತು, ಇವರ ಕೈ — ನೆರಿಗೆ ಹದಿನಾರು, ನೆರಿಗೆ