ಒಡೆಯದ ಬಳೆ

೧೨ ಜನವರಿ ೨೦೨೫, ಭಾನುವಾರ. ರಾಯದುರ್ಗ

ಶುಕ್ರವಾರದ ಬರಹದಲ್ಲಿ ತಪ್ಪಿದೆ. ತಂಗಿ ಶಂಕ್ರಮ್ಮ ಅಗಳಿಯಿಂದ ತೊಟ್ಟು ಬಂದ ಹಸಿರು ಬಳೆಗಳು ಪ್ಲಾಸ್ಟಿಕ್ಕಿನವೆಂದು ಬರೆದಿದ್ದೆ. ಅಲ್ಲ. ಗಾಜಿನವೇ. ತಿದ್ದಿದ್ದೇನೆ.

ಅವಳ ಮಗಳು ಗಂಗೋತ್ರಿ ಮಾಡಿದ್ದು. ಹೈದರಾಬಾದಿನ ಲ್ಯಾಬಿನಲ್ಲಿ ಗಡುಸು ವಸ್ತುಗಳನ್ನು ಬಾಗುವಂತೆ ಮಾಡುವ ಸಂಶೋಧನೆ ಅವಳದು. ತಾಯಿಯ ಕೈಯಿಂದ ಒಂದನ್ನು ತೆಗೆದು ಒರಳುಕಲ್ಲಿನ ಮೇಲೆ ಎಸೆದಳು. ಪುಟಿಯಿತು. ಬೆರಳಲ್ಲಿ ಹಿಸುಕಿದಳು— ಮೊಟ್ಟೆಯಾಕಾರಕ್ಕೆ ಬಾಗಿ, ಬಿಟ್ಟೊಡನೆ ಮತ್ತೆ ದುಂಡಗಾಯಿತು.

"ಕಪ್ಪೆಚಿಪ್ಪಿನ ಒಳಗಡೆ ಹೆಂಗೈತೋ ಹಂಗೆ, ಮಾವ. ತೆಳ್ಳನೆ ಪದರಗಳು, ನಡುವೆ ಮೆತ್ತನೇದು. ಒಂದು ಪದರ ಬಿರುಕು ಬಿಟ್ರೂ ಪಕ್ಕದ್ದಕ್ಕೆ ಹೋಗಲ್ಲ."

"ಒಡೆಯದ ಗಾಜು ಯಾರಿಗೆ ಬೇಕವ್ವ?"

"ನಂಗೆ ಬೇಕು ಕಣಣ್ಣ," ಎಂದಳು ಶಂಕ್ರಮ್ಮ. "ಎಮ್ಮೆ ಕಟ್ಟಾವಾಗ ಎರಡು, ಪಾತ್ರೆ ತಿಕ್ಕಾವಾಗ ಎರಡು. ನಿಂಗೇನು ಗೊತ್ತು, ಬಳೆ ತೊಟ್ಟಿದ್ದೀಯಾ?"

ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ತನ್ನ ಗುಣ ಬಿಟ್ಟ ವಸ್ತುವನ್ನು ನಾನು ಮೆಚ್ಚುವುದಿಲ್ಲ. ಸಂಜೆ ೬.೧೦.

೨೭ ಜನವರಿ, ಸೋಮವಾರ

ಅಗಳಿಯಿಂದ ಫೋನ್. ಶಂಕ್ರಮ್ಮನ ಗಂಡ ಶಿವರಾಮ ಹೋದ. ಹೊಲದಲ್ಲಿ, ಪಂಪ್‌ಸೆಟ್ಟಿನ ಬಳಿ. ಎದೆನೋವು ಎಂದನಂತೆ, ಅಷ್ಟೇ… ಕಲ್ಯಾಣದುರ್ಗದ ಬಸ್ ಹಿಡಿಯಬೇಕು. ಬೆಳಿಗ್ಗೆ ೮.೨೦.

೬ ಫೆಬ್ರವರಿ, ಗುರುವಾರ. ಅಗಳಿ

ಹನ್ನೊಂದನೆಯ ದಿನ. ಮನೆಯಂಗಳದ ಬಾವಿಕಟ್ಟೆಯಲ್ಲಿ ಬಳೆ ಒಡೆಯುವ ಶಾಸ್ತ್ರ. ತವರಿನ ಸೀರೆ ಹಿಡಿದು ಅಣ್ಣ ಎದುರಿಗೇ ನಿಲ್ಲಬೇಕು. ನಿಂತಿದ್ದೆ. ಮೊದಲೇ ಗಂಡನನ್ನು ಕಳೆದುಕೊಂಡಿದ್ದ ಈರಕ್ಕ, ಶಂಕ್ರಮ್ಮನ ಕೈಯನ್ನು ಕಟ್ಟೆಯ ಮೇಲಿಟ್ಟು ಕಲ್ಲಿನಿಂದ ಕುಟ್ಟಿದಳು. ಬಳೆ ಬಾಗಿತು, ಒಡೆಯಲಿಲ್ಲ. ಮತ್ತೆ ಕುಟ್ಟಿದಳು. ಮತ್ತೆ. ಮಣಿಕಟ್ಟು ಊದಿತು.

"ಅಯ್ಯೋ, ಕಲ್ಲೇ ಜಾರ್ತೈತೆ ಕಣ್ರಪ್ಪ!"

ಗಂಗೋತ್ರಿ ಅಳುತ್ತ ಅಡ್ಡ ಬಂದಳು. "ಒತ್ತಿದ್ರೆ ಕಳಚಿ ಬರ್ತವೆ. ನಾನೇ ತೆಗೀತೀನಿ."

ಶಂಕ್ರಮ್ಮ ಕೈ ಎಳೆದುಕೊಂಡಳು. "ಒಡೆದ್ರೆ ಒಡೀಲಿ ಅಂತ ಕೈ ಕೊಟ್ಟೆ. ಒಡೀಲಿಲ್ಲ. ತೆಗೆಯಾಕೆ ಕೊಡಲ್ಲ."

ಶಿವರಾಮನ ಅಣ್ಣ ದೊಡ್ಡರಂಗಪ್ಪ ಕೆರಳಿದ. "ಬಳೆ ಒಡೀದೆ ಮನೆ ಹೊಸ್ಲು ತುಳಿಯಂಗಿಲ್ಲ! ಮಗ್ಳು ಮಾಟದ ಬಳೆ ತೊಡ್ಸಿ ಅಪ್ಪನ್ನ ತಿಂದ್ಲು. ಕಟಿಂಗ್ ಪ್ಲೇಯರ್ ತರ್ರೋ. ಮೇಷ್ಟ್ರೇ, ನೀವೇ ಹೇಳಿ— ರೂಲ್ಸು ಅಂದ್ರೆ ಪ್ರಾಣ ನಿಮ್ಗೆ."

ಹೇಳಿದೆ. "ಕಲ್ಲಿನಿಂದ ಕುಟ್ಟಬೇಕು ಅನ್ನೋದು ಪದ್ಧತಿ. ಕುಟ್ಟಿದ್ದಾತು. ಕಟಿಂಗ್ ಪ್ಲೇಯರ್ ಯಾವ ಶಾಸ್ತ್ರದಾಗ ಐತ್ರಿ? ತೋರಿಸ್ರಿ, ನಾನ ಕತ್ತರಿಸ್ತೀನಿ."

ಸೀರೆಯನ್ನು ತಂಗಿಯ ಹೆಗಲಿಗೆ ಹೊದಿಸಿ, ಶಾಸ್ತ್ರ ಮುಗಿಯಿತು ಎಂದೆ.

"ಹಂಗಾರೆ ನಿಮ್ಮೂರಿಗೇ ಕರ್ಕೊಂಡೋಗಿ," ಎಂದ ದೊಡ್ಡರಂಗಪ್ಪ.

"ಮನಿ ಶಿವರಾಮ ಕಟ್ಟಿಸಿದ್ದು. ಈಗ ಆಕೀದು. ನೀವ ಹೊರಡ್ರಿ."

ಹೊರಟ. ಆದರೆ ಉಗುಳಿ ಹೊರಟ. ಸಂಜೆ ೫.೪೦.

೭ ಫೆಬ್ರವರಿ, ಶುಕ್ರವಾರ. ಅಗಳಿ

ಸ್ನಾನ, ಕಾಫಿ ಆಯಿತು. ಗಂಗೋತ್ರಿ ತಾಯಿಯ ಮಣಿಕಟ್ಟಿಗೆ ಅರಿಶಿನ ಹಚ್ಚಿದ್ದಾಳೆ. ನೀರಿಗೆ ಬಂದ ಪಕ್ಕದ ಮನೆಯವಳು ಶಂಕ್ರಮ್ಮನನ್ನು ಕಂಡು, ಖಾಲಿ ಬಿಂದಿಗೆಯೊಡನೆ ತಿರುಗಿ ಹೋದಳು. ಮಾಟದ ಮಾತು ಊರು ಸುತ್ತಿದೆ.

ಒಳಗೆ ಶಂಕ್ರಮ್ಮ ಪಾತ್ರೆ ತಿಕ್ಕುತ್ತಿದ್ದಾಳೆ. ಆ ಬಳೆಗಳದು ಗಾಜಿನ ಸದ್ದಲ್ಲ; ಮಂದ, ಒಣಗಿದ ಕಾಯಿಗಳು ತಾಕಿದಂತೆ. ನನಗೆ ಈಗಲೂ ಹಿಡಿಸದು. ಆ ಸದ್ದು ನಿಂತರೆ ಮಾತ್ರ ಕಿವಿ ಅತ್ತ ಹೋಗುತ್ತದೆ.

ಬೀದಿಯ ತಿರುವಿನಲ್ಲಿ ದೊಡ್ಡರಂಗಪ್ಪ. ಜೊತೆಗೆ ನಾಲ್ವರು. ಕೈಯಲ್ಲಿ ಕಟಿಂಗ್ ಪ್ಲೇಯರ್. ಕುರ್ಚಿಯನ್ನು ಹೊಸ್ತಿಲಿಗೆ ಅಡ್ಡ ಎಳೆದುಕೊಂಡಿದ್ದೇನೆ. ಏಳುವುದಿಲ್ಲ. ಒಳಗೆ ಸದ್ದು ನಿಂತಿತು. "ನಿಲ್ಲಿಸಬ್ಯಾಡವ್ವ, ತಿಕ್ಕು," ಎಂದೆ. ಮತ್ತೆ ಬಳೆ ಸದ್ದು ಶುರು—

೭ ಫೆಬ್ರವರಿ ೨೦೨೫, ಬೆಳಿಗ್ಗೆ ೭.೩೫.